ನಂಬಿಕೆಯೋ, ಸತ್ಕ್ರಿಯೆಯೋ?

ಮನುಷ್ಯನು ಉದ್ಧಾರವಾಗುವುದು ದೇವರನ್ನು ನಂಬಿದುದರಿಂದಲೋ, ಒಳ್ಳೆಯ ಕೆಲಸಗಳನ್ನು ಮಾಡಿದುದರಿಂದಲೋ? ಇಂಥ ಪ್ರಶ್ನೆ ನಮ್ಮ ದೇಶದವರಿಗೆ ಹೊಸದಲ್ಲ. ಮರಿಯೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಮರ್ಕಟಕಿಶೋರ ನ್ಯಾಯವನ್ನು ವಡಗಲೆಯವರೂ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಒಯ್ಯುವ ಮಾರ್ಜಾಲಕಿಶೋರ ನ್ಯಾಯವನ್ನು ತೆಂಗಲೆಯವರೂ ಹಿಡಿದು ಬಹುಕಾಲ ವಾದಿಸಿದರೆಂಬುದನ್ನು ಶ್ರೀವೈಷ್ಣವ ಸಂಪ್ರದಾಯ ಬಲ್ಲವರೆಲ್ಲರೂ ಅರಿತಿರುವರು. ಕ್ರೈಸ್ತಧರ್ಮದಲ್ಲಿ ಇದನ್ನು ಹೋಲುವ ವಾದವು ಯೂರೋಪಿನ ಚರಿತ್ರೆಯನ್ನೇ ಬೇರೆ ದಾರಿಗೆ ತಿರುಗಿಸಿತು. ನಾವಾದರೋ ಮತಸುಧಾರಣೆಯನ್ನು ಪರೀಕ್ಷೆಗೆ ಬೇಕಾದ ಇಸವಿಗಳಾಗಿ ಓದಿ ಮುಗಿಸುತ್ತೇವೆ. ಅವುಗಳ ಹಿಂದಿರುವ ಪ್ರಶ್ನೆಯನ್ನು ವಿಚಾರಿಸುವುದು ಕಡಮೆ. ಆ ಕುರಿತು ನನಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ವಾದದ ಬೀಜವು ಬೈಬಲಿನ ಹೊಸ ಒಡಂಬಡಿಕೆಯಲ್ಲಿಯೇ ಇದೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು, ಮನುಷ್ಯನು ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದಲೇ ಹೊರತು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲವೆಂದು ಸಾಧಿಸುತ್ತಾನೆ. ಯಾಕೋಬನ ಪತ್ರಿಕೆಯಾದರೋ ಕ್ರಿಯೆಗಳಿಲ್ಲದ ನಂಬಿಕೆಯು ಸತ್ತದ್ದೆಂದು ಸಾರುತ್ತದೆ. ಇಬ್ಬರೂ ಕರೆಯುವ ಸಾಕ್ಷಿಯೂ ಒಬ್ಬನೇ, ಅಬ್ರಹಾಮ! ದೇವರ ವಾಗ್ದಾನವನ್ನು ನಂಬಿದ ಅಬ್ರಹಾಮನನ್ನು ಪೌಲನು ತೋರಿಸಿದರೆ, ಮಗನಾದ ಇಸಾಕನನ್ನೇ ಅರ್ಪಿಸಲು ಹೊರಟ ಅಬ್ರಹಾಮನನ್ನು ಯಾಕೋಬನು ತೋರಿಸುತ್ತಾನೆ.

ಇದು ನೇರವಾದ ವಿರೋಧವೇ? ನನಗೆ ಹಾಗೆ ತೋರುವುದಿಲ್ಲ. ವೈದ್ಯನು ಒಬ್ಬ ರೋಗಿಗೆ ಉಪವಾಸವನ್ನೂ ಇನ್ನೊಬ್ಬನಿಗೆ ಊಟವನ್ನೂ ವಿಧಿಸಿದರೆ ಅವನ ಶಾಸ್ತ್ರ ಎರಡಾಯಿತೆನ್ನಲಾಗದು. ಯೆಹೂದ್ಯರಲ್ಲದವರು ಸುನ್ನತಿ ಮೊದಲಾದ ವಿಧಿಗಳನ್ನು ಪಾಲಿಸಿದ ಹೊರತು ದೇವರ ಮಕ್ಕಳಾಗಲಾರರು ಎನ್ನುತ್ತಿದ್ದವರ ಎದುರು ಪೌಲನು ನಿಂತಿದ್ದನು. ಹಸಿದು ಬಂದವನನ್ನು ಒಳ್ಳೆಯ ಮಾತಾಡಿ ಬರಿಗೈಯಲ್ಲಿ ಕಳುಹಿಸುವವರ ಎದುರು ಯಾಕೋಬನು ನಿಂತಿದ್ದನು. ದೇವರೊಬ್ಬನೇ ಎಂಬುದನ್ನು ದೆವ್ವಗಳೂ ನಂಬುತ್ತವೆ ಎಂದು ಅವನು ಚುಚ್ಚುವಾಗ ನಂಬಿಕೆಯೆಂಬ ಶಬ್ದಕ್ಕೆ ಬರಿಯ ಬುದ್ಧಿಯ ಒಪ್ಪಿಗೆಯೆಂದರ್ಥ. ಪೌಲನಿಗೆ ಅದು ಜೀವವನ್ನೇ ಒಪ್ಪಿಸಿಬಿಡುವ ಭರವಸೆ.

ಆದರೆ ಶಬ್ದವನ್ನು ಬಿಡಿಸಿದ ಮಾತ್ರಕ್ಕೆ ಜಗಳ ಬಿಡಿಸಿದಂತಾಗಲಿಲ್ಲ. ಪಾಪದ ದಂಡನೆಯಿಂದ ವಿಮೋಚನೆ ಕೊಡುವ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದ ಕಾಲದಲ್ಲಿ, 1517ರಲ್ಲಿ, ಮಾರ್ಟಿನ್ ಲೂಥರನು ತನ್ನ 95 ವಾದಗಳನ್ನು ಮುಂದಿಟ್ಟನು. 1522ರ ಜರ್ಮನ್ ಅನುವಾದದಲ್ಲಿ ಪೌಲನ ವಾಕ್ಯಕ್ಕೆ 'ಮಾತ್ರ' ಎಂಬರ್ಥದ ಶಬ್ದವೊಂದನ್ನು ಸೇರಿಸಿ, ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿದನು. ಟ್ರೆಂಟ್ ನಗರದ ಧರ್ಮಸಭೆಯು 1547ರಲ್ಲಿ 'ನಂಬಿಕೆ ಮಾತ್ರ' ಎಂಬ ವಾದವನ್ನು ಖಂಡಿಸಿತು; ಆದರೆ ದೇವರ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ನೀತಿವಂತನಾಗಬಹುದೆಂಬುದನ್ನೂ ಅದೇ ಸಭೆ ಖಂಡಿಸಿತೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

'ನಂಬಿದರೆ ಸಾಕಾದರೆ ಆರು ದಿನ ಪಾಪ ಮಾಡಿ ಏಳನೆಯ ದಿನ ಕ್ಷಮೆ ಬೇಡಬಹುದಲ್ಲ!' ಎಂದು ಹಾಸ್ಯ ಮಾಡುವವರುಂಟು. ಈ ಆಕ್ಷೇಪವನ್ನು ನಕ್ಕು ತಳ್ಳುವಂತಿಲ್ಲ. ಲೂಥರನ ಪರಂಪರೆಯವನೇ ಆದ ಡೀಟ್ರಿಚ್ ಬಾನ್‌ಹಾಫರನು 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಅಗ್ಗದ ಕೃಪೆಯನ್ನು ತೀಕ್ಷ್ಣವಾಗಿ ಟೀಕಿಸಿದನು. ಹಿಟ್ಲರನ ಆಳಿಕೆಯನ್ನು ವಿರೋಧಿಸಿದ ಅವನನ್ನು 1945ರ ಏಪ್ರಿಲಿನಲ್ಲಿ ಗಲ್ಲಿಗೇರಿಸಿದರು. ಆಗ ಅವನಿಗೆ 39 ವರ್ಷ. ನಂಬಿಕೆಯೆಂದರೆ ಸೋಮಾರಿಗಳ ಹಾಸಿಗೆಯೆನ್ನುವವರು ಈ ಜೀವನವನ್ನು ಒಮ್ಮೆ ನೋಡಬೇಕು.

ಹಾಗಾದರೆ ಸತ್ಕ್ರಿಯೆಯೇ ರಕ್ಷಣೆಯ ಬೆಲೆಯೆಂದುಬಿಡೋಣವೇ? ಇಲ್ಲಿಯೇ ನಾನು ಒಪ್ಪಲಾರೆ. ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿ ಸಾಯುತ್ತಿದ್ದ ಅಪರಾಧಿಗೆ ಯಾವ ಸತ್ಕ್ರಿಯೆಗೂ ಸಮಯವಿರಲಿಲ್ಲ. ಆದರೂ ಅವನಿಗೆ ಪರದೈಸಿನ ವಾಗ್ದಾನ ದೊರಕಿತು. ಪುಣ್ಯವೇ ಹಣವಾದರೆ ಕೈಲಾಗದವರ, ಕಾಲ ಮೀರಿದವರ ಗತಿಯೇನು? ಇನ್ನೂ ಒಂದು ಮಾತುಂಟು. ನನ್ನ ಸ್ವರ್ಗಕ್ಕಾಗಿ ನಾನು ಬಡವನಿಗೆ ಅನ್ನವಿಕ್ಕಿದರೆ ಆ ಬಡವನು ನನಗೆ ಒಂದು ಏಣಿಯ ಮೆಟ್ಟಲಾಗುತ್ತಾನೆಯೇ ಹೊರತು ಮನುಷ್ಯನಾಗುವುದಿಲ್ಲ. ನನ್ನ ಲೆಕ್ಕವು ಆಗಲೇ ತೀರಿಹೋಗಿದೆಯೆಂಬ ಭರವಸೆಯಿದ್ದರೆ ಮಾತ್ರ ಅವನ ಹಸಿವು ಹಸಿವಾಗಿಯೇ ನನ್ನ ಕಣ್ಣಿಗೆ ಬೀಳುತ್ತದೆ. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಲೂಥರನ ವಾದವೂ ಇದೇ ದಿಕ್ಕಿನಲ್ಲಿದೆ.

ನಮ್ಮ ನಾಡಿನಲ್ಲಿಯೇ ನಿದರ್ಶನ ಬೇಕಾದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ನೆನೆಯಬಹುದು. ಕ್ರಿಯೆಗಳಿಂದ ರಕ್ಷಣೆಯಿಲ್ಲವೆಂದು ಬೋಧಿಸಿದ ಇದೇ ಜನರು ಶಾಲೆಗಳನ್ನು ತೆರೆದರು, ಮುದ್ರಣಾಲಯವನ್ನು ಸ್ಥಾಪಿಸಿದರು, ನೇಯ್ಗೆಯನ್ನೂ 1865ರಿಂದ ಹಂಚಿನ ಕೈಗಾರಿಕೆಯನ್ನೂ ನಡೆಸಿದರು. ಆ ಮಿಷನ್ನಿನ ಮೂಲಕ ಬಂದ ಕಿಟ್ಟೆಲರು ವರ್ಷಾನುವರ್ಷ ದುಡಿದ ನಿಘಂಟು 1894ರಲ್ಲಿ ಹೊರಬಂದಿತು. ಅವರ ಮತಪ್ರಚಾರದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಕೆಲಸದಿಂದ ಮೋಕ್ಷವಿಲ್ಲವೆಂಬ ನಂಬಿಕೆ ಕೈಗಳನ್ನು ಕಟ್ಟಿಹಾಕುತ್ತದೆಂಬ ಮಾತಿಗೆ ಅವರು ಉತ್ತರವಾಗಿದ್ದಾರೆ.

ಶತಮಾನಗಳ ಕಲಹದ ಬಳಿಕ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ ಒಕ್ಕೂಟದವರೂ ಸಂಯುಕ್ತ ಘೋಷಣೆಯೊಂದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಅಂಗೀಕರಿಸುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ. ಸತ್ಕ್ರಿಯೆಗಳು ಆ ಅಂಗೀಕಾರದ ಫಲಗಳು ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಇದಕ್ಕೆ ಸೇರಿಕೊಂಡವು. ಎಲ್ಲ ಭೇದಗಳೂ ಅಳಿದವೆಂದು ಯಾರೂ ಹೇಳಲಿಲ್ಲ. ಆದರೂ ಈ ಒಂದು ಮಾತನ್ನು ಒಟ್ಟಿಗೆ ಹೇಳಲು ಅವರಿಗೆ ಸುಮಾರು 480 ವರ್ಷಗಳು ಬೇಕಾದವು. ಅಷ್ಟರಲ್ಲಿ ಇದೇ ವಾದದ ನೆರಳಿನಲ್ಲಿ ಎಷ್ಟು ರಕ್ತ ಹರಿಯಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು.

ಯಾವ ಧರ್ಮದವರೇ ಆಗಲಿ, ಈ ವಾದದಿಂದ ಕಲಿಯಬೇಕಾದುದೊಂದಿದೆ. ನಮ್ಮ ನೆರೆಯವನ ನಂಬಿಕೆಯನ್ನು ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ. ಅವನ ಹಸಿವನ್ನು ನೀಗುವ ತುತ್ತು ಮಾತ್ರ ಅನೇಕವೇಳೆ ನಮ್ಮ ಕೈಯಲ್ಲಿಯೇ ಇರುತ್ತದೆ.