‘ಪುಲಿ’ ಎಂದರೆ ಹುಲಿಯೇ?

ಊರಲ್ಲಿ ‘ಪುಲಿ’ ಬಂತು ಎಂಬ ಮಲಯಾಳದ ಸುದ್ದಿ ಹಬ್ಬಿದರೆ ಕನ್ನಡದ ಕಿವಿಗೆ ಅದು ಹುಲಿ ಎಂದೇ ಕೇಳಿಸುವುದು ಸಹಜ. ತುಳುವಿನ ‘ಪಿಲಿ’ಯೂ ಹುಲಿಯೇ ತಾನೆ? ಆದರೆ ಇಂದಿನ ಮಲಯಾಳದ ರೂಢಿಯಲ್ಲಿ ‘ಪುಲಿ’ ಎಂದರೆ ಚಿರತೆ. ಹುಲಿಗೆ ಅಲ್ಲಿ ‘ಕಡುವ’ ಎಂಬ ಬೇರೆ ಹೆಸರಿದೆ. 2024, 2025ರಲ್ಲಿ ನಮ್ಮ ಮುಳಿಯಾರು, ಕಾರಡ್ಕ ಕಡೆ ಸುಳಿದಾಡಿದ್ದು ಚಿರತೆಯೇ ಹೊರತು ಹುಲಿಯಲ್ಲ.

ಹೆಸರು ಯಾವುದಾದರೇನು, ಎರಡೂ ಕ್ರೂರಮೃಗಗಳೇ ಎಂದು ತಳ್ಳಿಹಾಕುವಂತಿಲ್ಲ. ಹುಲಿ ಸಾಮಾನ್ಯವಾಗಿ ದಟ್ಟ ಕಾಡನ್ನು ನೆಚ್ಚಿದ ಪ್ರಾಣಿ. ಚಿರತೆಯಾದರೋ ರಾತ್ರಿ ಹೊತ್ತು ನಾಯಿಯನ್ನು ಅರಸಿ ಮನೆಯಂಗಳಕ್ಕೇ ಬರುತ್ತದೆ, ಮರವನ್ನೂ ಹತ್ತುತ್ತದೆ. ಬಂದದ್ದು ಚಿರತೆ ಎಂದು ತಿಳಿದವರು ನಾಯಿಯನ್ನು, ಆಡನ್ನು ಕತ್ತಲೆಗೆ ಮೊದಲೇ ಒಳಗೆ ಕಟ್ಟುತ್ತಾರೆ. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಗುಡ್ಡದ ದಾರಿಗೆ ಬಿಡುವುದಿಲ್ಲ. ತಿಳಿಯದವರು ಕಾಡಿನ ಕಡೆ ನೋಡಿ ಹೆದರುತ್ತಾರೆ, ಅಂಗಳದ ಎಚ್ಚರವನ್ನು ಮರೆಯುತ್ತಾರೆ.

ಹಾವಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಮಲಯಾಳದಲ್ಲಿ ‘ಮೂರ್ಖನ್’ ಎಂದರೆ ನಾಗರಹಾವು. ನಮ್ಮಲ್ಲಿ ಮೂರ್ಖ ಯಾರೆಂದು ಹೇಳಬೇಕಾಗಿಲ್ಲ! ಕೊಳಕುಮಂಡಲ ಅವರಿಗೆ ‘ಅಣಲಿ’, ಕಟ್ಟುಹಾವು ‘ವೆಳ್ಳಿಕ್ಕೆಟ್ಟನ್’. ಹುಲ್ಲು ಕೊಯ್ಯುವಾಗ, ಅಡಿಕೆ ಹೆಕ್ಕುವಾಗ ಎದುರಾಗುವ ಅಪಾಯಗಳು ಇವು. ಹಾವು ಕಚ್ಚಿದರೆ ಅದನ್ನು ಹುಡುಕಿ ಕೊಲ್ಲುತ್ತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ಮನೆಯೊಳಗೆ ಹಾವು ಹೊಕ್ಕರೆ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತಿಳಿಸಿದರೆ ತರಬೇತಿ ಪಡೆದವರು ಬಂದು ಹಿಡಿಯುತ್ತಾರೆ. ಇಂತಹ ತಿಳಿವಳಿಕೆ ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡವಷ್ಟೇ ಓದಬಲ್ಲ ಮನೆಯ ಹಿರಿಯರಿಗೆ ಅದು ಬಂದೂ ಬಾರದಂತೆಯೇ.

ಇದನ್ನು ಮಲಯಾಳದ ಮೇಲಿನ ದೂರೆಂದು ಯಾರೂ ಭಾವಿಸಬಾರದು. ತೋಟದ ಜೀವಿಗಳ ಹೆಸರುಗಳನ್ನೇ ನೋಡಿದರೆ ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂಬುದು ಸ್ಪಷ್ಟವಾಗುತ್ತದೆ. ನಮ್ಮ ಕೇರೆ ಅವರ ‘ಚೇರ’, ನಮ್ಮ ಕೆಂಬೂತ ಅವರ ‘ಚೆಂಬೋತ್ತ್’. ನಮ್ಮ ಬಾವಲಿ ಅವರ ‘ವಾವಲ್’, ನಮ್ಮ ಉಡ ಅವರ ‘ಉಡುಂಬ್’. ಇಷ್ಟು ಹತ್ತಿರದ ನಂಟಿರುವುದರಿಂದಲೇ ‘ಪುಲಿ’ಯಂಥ ಮಾತಿನಲ್ಲಿ ಮೋಸಹೋಗುವುದೂ ಸುಲಭ.

ಸರಕಾರದಷ್ಟೇ ಹೊಣೆ ನಮ್ಮ ಮನೆಗಳಿಗೂ ಇದೆ. ಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಬೀಳಿಸಿದ್ದನ್ನು ಹೆಕ್ಕುವ ಅಜ್ಜಿಗೆ ತೋಟದ ಪ್ರತಿಯೊಂದು ಜೀವಿಯ ಹೆಸರೂ, ಅದರ ಗುಣವೂ ಗೊತ್ತು. ಕೇರೆ ನಿರುಪದ್ರವಿ, ಇಲಿ ಹಿಡಿದು ಉಪಕಾರ ಮಾಡುತ್ತದೆ ಎಂಬುದು ಅವಳಿಗೆ ಪುಸ್ತಕದಿಂದ ಬಂದ ವಿದ್ಯೆಯಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗನಿಗೆ ಆಫ್ರಿಕದ ಜಿರಾಫೆ ಗೊತ್ತು, ಬೇಲಿಯಲ್ಲಿ ಕೂಗುವ ಕೆಂಬೂತ ಗೊತ್ತಿಲ್ಲ. ಹೆಸರು ಹೋದಾಗ ಅದರೊಡನೆ ಕೂಡಿಕೊಂಡ ತಿಳಿವೂ ಹೋಗುತ್ತದೆ. ಎಲ್ಲ ಹಾವೂ ಅವನಿಗೆ ಬರಿಯ ‘ಹಾವು’. ಕಂಡೊಡನೆ ದೊಣ್ಣೆ ಹುಡುಕುತ್ತಾನೆ. ಪಾಪದ ಕೇರೆ ಸಾಯುತ್ತದೆ, ಇಲಿ ಹೆಚ್ಚುತ್ತದೆ, ಎಳನೀರಿಗೂ ಕೊಕ್ಕೋಗೂ ತೂತು ಬೀಳುತ್ತದೆ.

‘ಈಗ ಎಲ್ಲರಿಗೂ ಮಲಯಾಳ ಬರುತ್ತದಲ್ಲ’ ಎನ್ನುವವರಿದ್ದಾರೆ. ಪೇಟೆಯಲ್ಲಿ ಅಕ್ಕಿ, ಮೀನು ಕೊಳ್ಳುವಷ್ಟು ಮಲಯಾಳ ನಮ್ಮವರಿಗೆ ಬರುತ್ತದೆ, ನಿಜ. ಅಪಾಯದ ಸೂಚನೆಯನ್ನು ಓದಿ ಸರಿಯಾಗಿ ಗ್ರಹಿಸಲು ಅಷ್ಟು ಸಾಲದು. ತಿಳಿದ ಭಾಷೆಯಲ್ಲಿ ಬಂದಾಗಲೇ ಎಚ್ಚರಿಕೆ ಎಚ್ಚರಿಕೆಯಾಗುತ್ತದೆ.

ಆದ್ದರಿಂದ ಎರಡು ಬೇಡಿಕೆಗಳನ್ನು ಸಂಬಂಧಪಟ್ಟವರ ಮುಂದಿಡುವುದು ಅಗತ್ಯವಾಗಿದೆ. ಕನ್ನಡಿಗರು ನೆಲಸಿರುವ ಪಂಚಾಯತುಗಳಲ್ಲಿ ಆನೆ, ಚಿರತೆ, ಹಾವುಗಳ ಕುರಿತ ಪ್ರತಿಯೊಂದು ಸೂಚನೆಯೂ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಬೇಕು. ಎರಡನೆಯದಾಗಿ, 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತುಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಗಿಡ, ಹಕ್ಕಿ, ಪ್ರಾಣಿಗಳ ಕನ್ನಡ, ತುಳು ಹೆಸರುಗಳನ್ನೂ ಸೇರಿಸಬೇಕು. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂವು, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಾಗ ಮರವಾಗಿ ಆರಿಸಿದ್ದು ‘ಕಾಞಿರಂ’. ಅದೇ ನಮ್ಮ ಕಾಸರಕ. ಕಾಸರಗೋಡೆಂಬ ಹೆಸರೇ ಈ ಮರದಿಂದ ಬಂತೆನ್ನುವವರಿದ್ದಾರೆ. ಅಂತಹ ಮರದ ಕನ್ನಡ ಹೆಸರು ದಾಖಲೆಯಲ್ಲಿ ಬೇಡವೇ?

ಇವನ್ನು ಕೇಳಲು ಹಿಂಜರಿಯಬೇಕಾಗಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಮುಂದಿನ ಗ್ರಾಮಸಭೆಗೆ ಹೋಗುವವರು ಕನ್ನಡದಲ್ಲೇ ಒಂದು ಅರ್ಜಿ ಬರೆದುಕೊಂಡು ಹೋಗಲಿ. ಹೋಗುವ ಮೊದಲು ಮಕ್ಕಳನ್ನು ಅಜ್ಜಿಯೊಡನೆ ತೋಟಕ್ಕೆ ಕಳುಹಿಸಿ, ಕಂಡ ಜೀವಿಗಳ ಹೆಸರನ್ನೆಲ್ಲ ಬರೆಸಲಿ. ಅರ್ಜಿಗೆ ಲಗತ್ತಿಸಲು ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೊಂದಿಲ್ಲ.