ಕಿವಿಗೊಟ್ಟು ಕೇಳಿ: ಲೋಹಶೋಧಕಕ್ಕೆ ಹೆಡ್‌ಫೋನ್ ಆರಿಸುವ ಬಗೆ



ಮುನಿರ್ಕಾದ ಡಿಡಿಎ ಫ್ಲ್ಯಾಟುಗಳ ನಡುವಿನ ಪಾರ್ಕಿನಲ್ಲಿ ಯಾರದೋ ಚಿನ್ನದ ಉಂಗುರ ಬಿದ್ದುಹೋಯಿತು ಎನ್ನಿ. ಮಳೆಗಾಲದ ಹುಲ್ಲು ದಟ್ಟವಾಗಿ ಬೆಳೆದಿದೆ. ಹತ್ತು ಜನ ಬಗ್ಗಿ ಹುಡುಕಿದರೂ ಸಿಗದ ಆ ಉಂಗುರವನ್ನು ಒಂದು ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್, ಹುಡುಕಿಕೊಡಬಲ್ಲದು. ಈ ಯಂತ್ರಗಳು ಈಗ ಅಂತರಜಾಲದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ನಿಮ್ಮಲ್ಲಿ ಕೆಲವರು ಕೊಂಡೂ ಇರಬಹುದು. ಆದರೆ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿದವರೂ ಹೆಡ್‌ಫೋನ್ ವಿಷಯಕ್ಕೆ ಬಂದಾಗ ಮನೆಯಲ್ಲಿ ಬಿದ್ದಿದ್ದ ಯಾವುದೋ ಒಂದನ್ನು ಸಿಕ್ಕಿಸಿಕೊಳ್ಳುತ್ತಾರೆ. ಯಂತ್ರ ಹೇಳುವುದನ್ನೆಲ್ಲ ಹೇಳುತ್ತದೆ. ಅದು ಕಿವಿಗೆ ಮುಟ್ಟದಿದ್ದರೆ ಏನು ಫಲ? ಆದ್ದರಿಂದ ಈ ಸಲದ ಅಂಕಣ ಹೆಡ್‌ಫೋನಿನ ಕುರಿತು. ಜೊತೆಗೆ ಈ ಯಂತ್ರವನ್ನು ಎಲ್ಲಿ ಆಡಿಸಬಾರದು ಎಂಬುದನ್ನೂ ಹೇಳುತ್ತೇನೆ. ಅದು ಹೆಡ್‌ಫೋನಿಗಿಂತ ದೊಡ್ಡ ವಿಷಯ.

ಲೋಹಶೋಧಕಕ್ಕೂ ಕಿವಿಗೂ ಇರುವ ನಂಟು ಹಳೆಯದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿತು. ಒಳಗೆ ಉಳಿದ ಗುಂಡು ಎಲ್ಲಿದೆಯೆಂದು ತಿಳಿಯಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಉಪಕರಣ ಕಟ್ಟಿ ತಂದ. ತಂತಿಯ ಸುರುಳಿಯನ್ನು ರೋಗಿಯ ಮೈಮೇಲೆ ಆಡಿಸುತ್ತ, ಟೆಲಿಫೋನಿನ ಶ್ರವಣಯಂತ್ರವನ್ನು ಕಿವಿಗಿಟ್ಟು ಕೇಳಿದ. ಗುಂಡು ಸಿಗಲಿಲ್ಲ, ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗುಗಳು ಸದ್ದನ್ನು ಕೆಡಿಸಿದವೆಂದೂ, ವೈದ್ಯರು ಒಂದೇ ಪಕ್ಕವನ್ನು ಪರೀಕ್ಷಿಸಲು ಬಿಟ್ಟರೆಂದೂ ಕಾರಣ ಹೇಳುತ್ತಾರೆ. ನಮಗೆ ಪಾಠ ಸರಳ: ಹುಡುಕುವ ಮೊದಲು ನಮ್ಮ ಹತ್ತಿರದ ಲೋಹವನ್ನು ದೂರವಿಡಬೇಕು. ಕೈಯ ಕಡಗ, ಉಕ್ಕಿನ ಮೊನೆಯ ಬೂಟು, ಜೇಬಿನ ಮೊಬೈಲು, ಪಕ್ಕದ ಕಬ್ಬಿಣದ ಬೆಂಚು ಇವೆಲ್ಲ ಸುಳ್ಳು ಸದ್ದಿಗೆ ಕಾರಣವಾಗಬಹುದು.

ಯಂತ್ರ ಕೆಲಸ ಮಾಡುವ ಬಗೆ ಇಷ್ಟು. ತಟ್ಟೆಯಂಥ ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ ಹರಿದು ನೆಲದೊಳಕ್ಕೆ ಕಾಂತಕ್ಷೇತ್ರ ಹರಡುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಅವು ಹಿಂದಿರುಗಿಸುವ ಕ್ಷೀಣ ಕ್ಷೇತ್ರವನ್ನು ಯಂತ್ರ ಹಿಡಿದು ಸದ್ದಾಗಿ ಮಾರ್ಪಡಿಸುತ್ತದೆ. ಬಹುಪಾಲು ಯಂತ್ರಗಳಲ್ಲಿ ಕಬ್ಬಿಣಕ್ಕೆ ತಗ್ಗು ದನಿ, ತಾಮ್ರ-ಬೆಳ್ಳಿಗೆ ಎತ್ತರದ ದನಿ. ಚಿನ್ನದ ಉಂಗುರ ಸಾಮಾನ್ಯವಾಗಿ ನಡುವೆ ಬರುತ್ತದೆ. ಫಜೀತಿಯೆಂದರೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವೂ ಅದೇ ನಡುವೆ ಬರುತ್ತದೆ. ಕಸ ಬೇಡವೆಂದು ನಡುದನಿಯನ್ನೇ ಮುಚ್ಚಿಬಿಟ್ಟರೆ ಉಂಗುರವೂ ಮುಚ್ಚಿಹೋಗುತ್ತದೆ. ಮೇಲೆಯೇ ಬಿದ್ದ ವಸ್ತು ಜೋರಾಗಿ ಕೂಗುತ್ತದೆ. ಆಳಕ್ಕೆ ಇಳಿದದ್ದು ಪಿಸುಗುಟ್ಟುತ್ತದೆ. ಆ ಪಿಸುಮಾತಿಗಾಗಿಯೇ ಹೆಡ್‌ಫೋನ್ ಬೇಕು. ಔಟರ್ ರಿಂಗ್ ರೋಡಿನ ಬಸ್ಸು, ಪಾಲಂ ಕಡೆಗೆ ಇಳಿಯುವ ವಿಮಾನ, ಇವುಗಳ ನಡುವೆ ಯಂತ್ರದ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ.

ಇನ್ನು ಆಯ್ಕೆ. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಬಂದ್ ಆಗಿರುವ ಬಗೆಯೇ ಒಳ್ಳೆಯದು. ಬ್ಯಾಟರಿಯಿಂದ ಗದ್ದಲ ಅಳಿಸುವ ಹೆಡ್‌ಫೋನು ವಿಮಾನದೊಳಗಿನ ಏಕತಾನದ ಗುಂಯ್‌ಗುಡುವಿಕೆಗೆ ಸೊಗಸು. ಆದರೆ ಅದು ತನ್ನದೇ ಸಣ್ಣ ಹಿಸ್ ಸದ್ದು ಸೇರಿಸುವುದುಂಟು. ನಮಗೆ ದಪ್ಪ ಮೆತ್ತೆಯ ಸಾದಾ ತಡೆಯೇ ಸಾಕು. ಹಾಡಿಗೆ ಬೇಕಾದ ಭಾರೀ ಬೇಸ್ ಇಲ್ಲಿ ವ್ಯರ್ಥ, ಏಕೆಂದರೆ ಕಿವಿ ಅತಿ ಸೂಕ್ಷ್ಮವಾಗಿ ಗ್ರಹಿಸುವುದು ಸುಮಾರು 2000ದಿಂದ 5000 ಹರ್ಟ್ಸ್ ನಡುವಿನ ದನಿಯನ್ನು. ಎರಡು ಕಿವಿಗೂ ಬೇರೆ ಬೇರೆ ವಾಲ್ಯೂಮ್ ಗುಂಡಿ ಇದ್ದರೆ ಇನ್ನೂ ಮೇಲು. ಎಲ್ಲರ ಎರಡು ಕಿವಿಗಳೂ ಒಂದೇ ಸಮ ಕೇಳಬೇಕೆಂದಿಲ್ಲ.

ತಂತಿ ಇರಬೇಕೋ ಬೇಡವೋ? ಲೆಕ್ಕ ಹಾಕಿ ನೋಡಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವುದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಬಹುದು. ನೀವು ಸುರುಳಿಯನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಆಡಿಸುತ್ತಿದ್ದರೆ, ದನಿ ಕೇಳುವಷ್ಟರಲ್ಲಿ ಸುರುಳಿ 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಉಂಗುರ ಒಂದು ಕಡೆ, ನೀವು ಕೆದಕುವುದು ಇನ್ನೊಂದು ಕಡೆ! ಕಡಿಮೆ ವಿಳಂಬದ ನಿಸ್ತಂತು ಬಗೆಯಲ್ಲಿ ಈ ಅಂತರ 4 ಸೆಂಟಿಮೀಟರಿಗೆ ಇಳಿಯುತ್ತದೆ. ತಂತಿಯಲ್ಲಿ ಇಲ್ಲವೆಂದೇ ಹೇಳಬಹುದು. ಹೊಸಬರಿಗೆ ತಂತಿಯದೇ ಸರಿ, ಅದರಲ್ಲೂ ಸುರುಳಿ ಸುತ್ತಿದ ತಂತಿಯಾದರೆ ಕಾಲಿಗೆ ತೊಡರುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಯಂತ್ರದ ರಂಧ್ರ ನೋಡಿಕೊಳ್ಳಿ: 3.5 ಮಿಲಿಮೀಟರಿನದೋ, 6.35ರದೋ? ಅಡಾಪ್ಟರು ಸಿಗುತ್ತದೆ, ಆದರೆ ಅದು ಸಡಿಲವಾದರೆ ಪ್ರತಿ ಕದಲಿಕೆಗೂ ಚರಚರ ಎನ್ನುತ್ತದೆ. ಒಂದೇ ಕಿವಿಯಲ್ಲಿ ಸದ್ದು ಬಂದರೆ ಹೆಡ್‌ಫೋನ್ ಕೆಟ್ಟಿದೆಯೆಂದು ಎಸೆಯಬೇಡಿ. ಯಂತ್ರದ ಮೊನೊ ರಂಧ್ರಕ್ಕೆ ಸ್ಟೀರಿಯೊ ಪ್ಲಗ್ ಹಾಕಿದಾಗ ಹಾಗಾಗುವುದುಂಟು, ಮೊನೊ-ಸ್ಟೀರಿಯೊ ಅಡಾಪ್ಟರು ಹಾಕಿದರೆ ಸರಿಹೋಗುತ್ತದೆ. ಸ್ಟುಡಿಯೋಗಳ 250 ಓಮ್ ಹೆಡ್‌ಫೋನಿಗೆ ಈ ಸಣ್ಣ ಯಂತ್ರದ ಶಕ್ತಿ ಸಾಲದು, ದನಿ ಸೋತುಹೋಗುತ್ತದೆ. ಕೈಪಿಡಿಯಲ್ಲಿ ಹೇಳಿದ ಓಮ್ ಅನ್ನೇ ಕೊಳ್ಳಿ.

ಈಗ ಹೊಂದಿಸುವ ಕ್ರಮ. ಧರಿಸುವ ಮೊದಲೇ ವಾಲ್ಯೂಮನ್ನೆಲ್ಲ ಇಳಿಸಿ. ಚಳಿಗಾಲದ ಮಂಕಿಟೋಪಿಯ ಮೇಲೆ ಹೆಡ್‌ಫೋನ್ ಹಾಕಬೇಡಿ. ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ. ಕನ್ನಡಕದ ಕಡ್ಡಿಯ ಸಂದಿಯಿಂದಲೂ ಗದ್ದಲ ನುಗ್ಗುತ್ತದೆ, ಮೆದುವಾದ ಮೆತ್ತೆ ಇದ್ದರೆ ಕಡಿಮೆ. ಬಳಿಕ ನೆಲದ ಮೇಲೆ ಒಂದು ಮೊಳೆ, ಒಂದು ಐದು ರೂಪಾಯಿ ನಾಣ್ಯ, ಮತ್ತು ಅಮ್ಮನನ್ನು ಕೇಳಿ ತಂದ ಒಂದು ಉಂಗುರ ಇಡಿ. ಉಂಗುರಕ್ಕೆ ಕೆಂಪು ದಾರ ಕಟ್ಟಲು ಮರೆಯಬೇಡಿ, ಇನ್ನೊಂದು ಉಂಗುರ ಹುಡುಕುವ ಪಾಡು ಬೇಡ. ಒಂದು, ಎರಡು ರೂಪಾಯಿಯ ಈಚಿನ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು. ಅವುಗಳ ದನಿ ಬೇರೆ.

ಅತ್ಯಂತ ಜೋರಾದ ವಸ್ತುವಿನ ಮೇಲೆ ಸುರುಳಿ ಆಡಿಸಿ, ಕಿವಿಗೆ ಹಿಂಸೆಯಾಗದ ಮಟ್ಟಕ್ಕೆ ಯಂತ್ರದ ವಾಲ್ಯೂಮ್ ನಿಲ್ಲಿಸಿ. ನಂತರ ಹೆಡ್‌ಫೋನಿನ ಗುಂಡಿಗಳಿಂದ ಎಡ-ಬಲ ಸಮ ಮಾಡಿಕೊಳ್ಳಿ. ನಿಮ್ಮ ಯಂತ್ರದಲ್ಲಿ ಸದಾ ಸಣ್ಣಗೆ ಗುನುಗುವ ತಳದನಿ ಇದ್ದರೆ, ಅದನ್ನು ಸೊಳ್ಳೆಯ ಗುಂಯ್‌ನಷ್ಟು ಮಾತ್ರ ಉಳಿಸಿಕೊಳ್ಳಿ. ಕ್ಷೀಣ ಸಂಕೇತ ತಿಳಿಯುವುದು ಆ ಗುನುಗು ಒಂದಿಷ್ಟು ಕದಲಿದಾಗಲೇ. ಸುರುಳಿಯನ್ನು ನಿಧಾನವಾಗಿ ಮೇಲೆತ್ತುತ್ತ, ಉಂಗುರದ ದನಿ ಎಷ್ಟು ಎತ್ತರದವರೆಗೆ ಕೇಳಿಸುತ್ತದೆಂದು ಅಳೆಯಿರಿ. ಹೆಡ್‌ಫೋನ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಆಗ ಗೊತ್ತಾಗುತ್ತದೆ. ಯಂತ್ರ ಸುಮ್ಮಸುಮ್ಮನೆ ಚಿಲಿಪಿಲಿಗುಟ್ಟಿದರೆ ವಿದ್ಯುತ್ ತಂತಿಗಳ ಕಾಟವಿರಬಹುದು. ವಾಲ್ಯೂಮಲ್ಲ, ಸೂಕ್ಷ್ಮತೆಯ ಗುಂಡಿಯನ್ನು ತಗ್ಗಿಸಿ.

ಕಿವಿಯ ಬಗ್ಗೆ ಒಂದು ಎಚ್ಚರ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ಉದ್ಯೋಗ-ಆರೋಗ್ಯ ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹುಡುಕಾಟ ಮುಗಿಸಿ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ವಾಲ್ಯೂಮ್ ಹೆಚ್ಚಾಗಿತ್ತೆಂದೇ ಅರ್ಥ. ರಸ್ತೆಯ ಅಂಚಿನಲ್ಲಿದ್ದಾಗ ಒಂದು ಕಿವಿ ತೆರೆದಿಡಿ. ಉಂಗುರಕ್ಕಿಂತ ಪ್ರಾಣ ದೊಡ್ಡದು.

ಇನ್ನು ಆ ದೊಡ್ಡ ವಿಷಯ. ಪಾರ್ಕಿನ ಉಸ್ತುವಾರಿ ಯಾರದೋ ಅವರ ಒಪ್ಪಿಗೆ ಪಡೆದು, ಕಳೆದುಹೋದ ವಸ್ತುವನ್ನು ಹುಡುಕಿ, ಕೆದಕಿದ ಹುಲ್ಲನ್ನು ಮುಚ್ಚಿ ಬನ್ನಿ. ಆದರೆ ಆರ್.ಕೆ. ಪುರಂನ ವಜೀರ್‌ಪುರ್ ಗುಂಬದ್‌ನಂಥ ಲೋದಿ ಕಾಲದ ಕಟ್ಟಡಗಳ ಬಳಿಗಾಗಲಿ, ಹಳೆಯ ಕೋಟೆಗೋಡೆ ಹಾದುಹೋಗುವ ಸಂಜಯ್ ವನಕ್ಕಾಗಲಿ ಈ ಯಂತ್ರ ಹೊತ್ತು ಹೋಗಬೇಡಿ. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕಾಯಿದೆ ನಿಷೇಧಿಸುತ್ತದೆ. ನೆಲದೊಳಗೆ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ಬರಹದಲ್ಲಿ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಕರ್ನಾಟಕದಲ್ಲಿ ಇದಕ್ಕೆ 1962ರ ಪ್ರತ್ಯೇಕ ಕಾಯಿದೆಯೇ ಇದೆ. ರಜೆಗೆ ಊರಿಗೆ ಹೋದಾಗ ಹಳೆಯ ಗುಡಿಯ ಹಿಂದೆ ಇದನ್ನು ಆಡಿಸುತ್ತಿದ್ದರೆ ಊರವರು ನಿಮ್ಮನ್ನು ಕರೆಯುವ ಹೆಸರು ಒಂದೇ: ನಿಧಿಗಳ್ಳ.

ಆ ಹೆಸರಿನ ಹಿಂದೆ ನೋವಿದೆ. 2019ರ ಜುಲೈಯಲ್ಲಿ ಆನೆಗೊಂದಿಯ ಬಳಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯಿಂದ ಒಡೆದು ಹಾಕಿದರು. ಪುರಂದರದಾಸರ ಗುರುಗಳ ವೃಂದಾವನ ಅದು. ಭಕ್ತರು ಕೂಡಲೇ ಸೇರಿ ಮತ್ತೆ ಕಟ್ಟಿದರು. ಆದರೆ ಶತಮಾನಗಳ ಕಾಲ ಒಂದೇ ಸಮನೆ ನಿಂತಿದ್ದ ಕಲ್ಲನ್ನು ಮೊದಲಿನಂತೆ ಮಾಡಲು ಯಾರಿಗೂ ಸಾಧ್ಯವಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಿದ್ದ. ಕಂಡದ್ದು ಬಂಡೆಯ ಮೇಲಿನ ಬರಹ. ಆತ ಅದನ್ನು ಒಡೆಯಲಿಲ್ಲ, ಬಲ್ಲವರಿಗೆ ತಿಳಿಸಿದ. 'ದೇವಾನಾಂಪ್ರಿಯ' ಎಂದು ಶಾಸನಗಳಲ್ಲಿ ಕರೆದುಕೊಂಡ ದೊರೆ ಅಶೋಕನೇ ಎಂಬುದು ಆ ಬಂಡೆಯ ಮೇಲಿನ ಹೆಸರಿನಿಂದಲೇ ಖಚಿತವಾಯಿತು. ಅದೇ ಕಿರುಶಾಸನದ ಇನ್ನೊಂದು ಪಾಠ 1966ರಲ್ಲಿ ನಮ್ಮ ದೆಹಲಿಯಲ್ಲೇ, ಕಾಲ್ಕಾಜಿಯ ಸಮೀಪದ ಬಂಡೆಯ ಮೇಲೆ ಸಿಕ್ಕಿತು. ಮುನಿರ್ಕಾದಿಂದ ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ ಕಾಲ್ಕಾಜಿ ಮಂದಿರದಲ್ಲಿ ಇಳಿದರೆ ಅದು ದೂರವಿಲ್ಲ. ಒಂದು ಭಾನುವಾರ ಹೋಗಿ ನೋಡಿ ಬನ್ನಿ. ಹೆಡ್‌ಫೋನ್ ಮನೆಯಲ್ಲೇ ಇರಲಿ. ಎಷ್ಟು ಒಳ್ಳೆಯದನ್ನು ಕೊಂಡರೂ ಕಲ್ಲಿನ ಬರಹ ಅದರಲ್ಲಿ ಕೇಳಿಸುವುದಿಲ್ಲ.