ಮಾತ್ರೆಯ ಜಾಗರಣೆ

1970ರ ದಶಕದಲ್ಲಿ ಫ್ರಾನ್ಸಿನ ಲಾಫೋನ್ ಔಷಧ ಸಂಸ್ಥೆಯ ರಸಾಯನಜ್ಞರು ವೇದನಾಶಾಮಕವೊಂದನ್ನು ಅರಸುತ್ತಿರಲು, ಅವರ ಕೈಗೆ ಸಿಕ್ಕಿದ ಒಂದು ಸಂಯುಕ್ತವು ಪ್ರಯೋಗಶಾಲೆಯ ಇಲಿಗಳನ್ನು ಅಸಾಧಾರಣವಾಗಿ ಚುರುಕುಗೊಳಿಸುವುದು ಕಂಡುಬಂದಿತು. ಮಾತನಾಡುತ್ತಿರುವಾಗಲೇ ತಡೆಯಲಾರದ ನಿದ್ರೆಗೆ ಜಾರಿಬಿಡುವ ನಾರ್ಕೊಲೆಪ್ಸಿ ರೋಗಿಗಳಿಗೆ ಅದು ನೆರವಾದೀತೆಂದು ಕಂಡುಕೊಂಡವರು ಲಿಯೋನ್ ನಗರದ ನಿದ್ರಾವಿಜ್ಞಾನಿ ಮಿಷೆಲ್ ಝುವೆ. ಆ ಸಂಯುಕ್ತವು ದೇಹದೊಳಗೆ ಮಾರ್ಪಟ್ಟು ಉಂಟಾಗುವ ವಸ್ತುವೇ ಮೊಡಾಫಿನಿಲ್. ಅಮೆರಿಕವು 1998ರಲ್ಲಿ ಅದಕ್ಕೆ ಮನ್ನಣೆಯಿತ್ತಿತು. ಆ ರೋಗಿಗಳ ಪಾಲಿಗೆ ಇದು ಉಪಕಾರಿಯಾದ ಔಷಧವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ತಕರಾರಿರುವುದು ರೋಗವೇ ಇಲ್ಲದವರು ಬುದ್ಧಿ ಬೆಳೆಯಲೆಂದು ಅದನ್ನು ನುಂಗುವುದರ ವಿಷಯದಲ್ಲಿ.

ನರಕೋಶದಿಂದ ಹೊರಬಿದ್ದ ಡೋಪಮೈನೆಂಬ ಸಂದೇಶವಾಹಕ ದ್ರವ್ಯವನ್ನು ಮರಳಿ ಒಳಕ್ಕೆ ಸೆಳೆದುಕೊಳ್ಳುವ ಪ್ರೋಟೀನೊಂದು ಮಿದುಳಿನಲ್ಲುಂಟು. ಮೊಡಾಫಿನಿಲ್ ಇದರ ಗೊಡವೆಗೆ ಹೆಚ್ಚಾಗಿ ಹೋಗದ ಸಾಧು ಪದಾರ್ಥವೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 2009ರಲ್ಲಿ ನೋರಾ ವೋಲ್ಕೋ ಮತ್ತು ಸಂಗಡಿಗರು ಆರೋಗ್ಯವಂತರ ಮಿದುಳನ್ನು ಚಿತ್ರಣಯಂತ್ರದಲ್ಲಿ ಪರೀಕ್ಷಿಸಿ, ಔಷಧವು ಆ ಪ್ರೋಟೀನನ್ನೇ ತಡೆಹಿಡಿಯುವುದನ್ನು ತೋರಿಸಿದರು. ಕೊಕೇನು ಹಿಡಿಯುವುದೂ ಅದನ್ನೇ. ಬಲದಲ್ಲಿ ಇವೆರಡಕ್ಕೂ ಅಜಗಜಾಂತರವಿದ್ದರೂ, ಚಟದ ಶಂಕೆಯನ್ನು ಅಂದಿನಿಂದ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಬುದ್ಧಿಯ ಮಾತಿಗೆ ಬರೋಣ. 2023ರಲ್ಲಿ ಪ್ರಕಟವಾದ, ಮೆಲ್ಬರ್ನಿನ ವಿದ್ವಾಂಸರು ನಡೆಸಿದ ಪರೀಕ್ಷೆಯಲ್ಲಿ 40 ಮಂದಿ ಆರೋಗ್ಯವಂತರಿಗೆ ಮೊಡಾಫಿನಿಲನ್ನೂ ಇನ್ನೆರಡು ಉತ್ತೇಜಕಗಳನ್ನೂ ಔಷಧವಿಲ್ಲದ ಹುಸಿಮಾತ್ರೆಯನ್ನೂ ಬೇರೆಬೇರೆ ದಿನ ಕೊಟ್ಟು, ನಿಯತ ಭಾರವನ್ನು ಮೀರದಂತೆ ಅತ್ಯಧಿಕ ಬೆಲೆಯ ವಸ್ತುಗಳನ್ನು ಚೀಲಕ್ಕೆ ತುಂಬುವ ಲೆಕ್ಕವನ್ನು ಮುಂದಿಟ್ಟರು. ಉತ್ತೇಜಕ ಸೇವಿಸಿದ ದಿನ ಅವರು ಹೆಚ್ಚು ಹೊತ್ತು ಹೆಣಗಿದರು. ವಸ್ತುಗಳನ್ನು ಹೆಚ್ಚು ಬಾರಿ ಇಟ್ಟರು, ತೆಗೆದರು. ಆದರೆ ಅವರ ಒಂದೊಂದು ಆಯ್ಕೆಯ ಗುಣವೂ ಕುಂದಿತು. ಹುಸಿಮಾತ್ರೆಯ ದಿನ ಸರಾಸರಿಗಿಂತ ಮೇಲಿದ್ದವರಲ್ಲಿ ಕೆಲವರು ಅದಕ್ಕಿಂತ ಕೆಳಕ್ಕೆ ಇಳಿದದ್ದೂ ಉಂಟು. ಗಾಣದೆತ್ತಿನಂತೆ ಸುತ್ತುವ ಈ ಉತ್ಸಾಹವನ್ನು, ಸುತ್ತುವವನು ತಾನೇ ಮೇಧಾಶಕ್ತಿಯೆಂದು ಭ್ರಮಿಸುವುದು ಸಹಜ. ಶ್ರಮದ ಅನುಭವವೇನೋ ಸುಳ್ಳಲ್ಲವಷ್ಟೆ.

ಇದಕ್ಕಿಂತ ಕಳವಳಕಾರಿಯಾದುದು ರಾತ್ರಿಪಾಳಿಯ ಪ್ರಶ್ನೆ. ಪಾಳಿಯ ಕೆಲಸದಿಂದ ನಿದ್ರೆ ಕೆಟ್ಟವರಿಗೂ ಈ ಮಾತ್ರೆ ಸಲ್ಲುವುದೆಂದು ಅಮೆರಿಕವು 2004ರಲ್ಲಿ ಒಪ್ಪಿಕೊಂಡಿತು. ಯೂರೋಪಿನ ಔಷಧ ನಿಯಂತ್ರಕರಾದರೋ ಚರ್ಮದ ತೀವ್ರ ವಿಕಾರಗಳನ್ನೂ ಮಾನಸಿಕ ಉಪದ್ರವಗಳನ್ನೂ ತೂಗಿ ನೋಡಿ, 2010ರಲ್ಲಿ ಅದನ್ನು ನಾರ್ಕೊಲೆಪ್ಸಿಯೊಂದಕ್ಕೇ ಸೀಮಿತಗೊಳಿಸಬೇಕೆಂದರು. ಯೂರೋಪಿನವರ ನಿರ್ಣಯವೇ ಸಮಂಜಸವೆಂದು ನನಗೆ ತೋರುತ್ತದೆ. ಪಾಳಿ ಕೆಲಸಗಾರರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ರಾತ್ರಿ ಮಲಗಿಸಿದರೆ ಸುಮಾರು 2 ನಿಮಿಷದಲ್ಲಿ ನಿದ್ರೆಹೋಗುತ್ತಿದ್ದವರು ಮಾತ್ರೆಯ ಬಲದಿಂದ ತಡೆದುಕೊಂಡದ್ದು 4 ನಿಮಿಷಕ್ಕೂ ಕಡಿಮೆ! ಇಷ್ಟರ ಭರವಸೆಯಿಂದ ಒಬ್ಬನು ಮುಂಜಾವದಲ್ಲಿ ವಾಹನ ನಡೆಸಿಕೊಂಡು ಮನೆಗೆ ಹೋಗಬಹುದೇ?

ಅಮೆರಿಕದ ಹಗಲಿಗೆ ತಮ್ಮ ಇರುಳನ್ನು ಒಪ್ಪಿಸಿ ದುಡಿಯುವ ತರುಣ ತರುಣಿಯರು ನಮ್ಮ ಬೆಂಗಳೂರಿನಲ್ಲಿ ಅಸಂಖ್ಯಾತರಿದ್ದಾರೆ, ಈ ಮಾತ್ರೆಯೋ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ಆದಕಾರಣ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರದಂತೆ ಔಷಧಾಲಯಗಳ ಮೇಲೆ ಕಣ್ಣಿಡುವುದು ಸರ್ಕಾರದ ಕರ್ತವ್ಯ. ಸತತವಾಗಿ ಎಷ್ಟು ರಾತ್ರಿ ದುಡಿಸಬಹುದೆಂಬುದಕ್ಕೆ ಮಿತಿ ಹಾಕಿ, ಪಾಳಿಯ ನಡುವೆ ಅರೆಗಳಿಗೆ ಕಣ್ಣುಮುಚ್ಚಲು ಎಡೆಮಾಡಿಕೊಡುವುದು, ಆ ಇರುಳಿನಿಂದ ಲಾಭ ಪಡೆಯುವ ಮಾಲೀಕರ ಹೊಣೆ.